ಕೆಂಪೆಣ್ಣೆ

ಎಂಜಿನ್ನು ಕೂಗುತ್ತದೆ, ಗಾಡಿ ಕದಲುವುದಿಲ್ಲ.
ಅರವತ್ನಾಲ್ಕರ ಇಂಪಾಲಾ,
ಕೌಲ್ ಬಜಾರಿನ ನನ್ನ ಶೆಡ್ಡಿನ ಮುಂದೆ
ಲಾರಿಯಿಂದ ಇಳಿದು ನಿಂತಿದೆ,
ಬೆನ್ನಿಗೆಲ್ಲ ಅದಿರಿನ ಧೂಳು.

ಜೊತೆಗೆ ಡ್ರೈವರ್ ಯರ್ರಿಸ್ವಾಮಿ,
ಮೂವತ್ತೊಂದು ವರ್ಷ ಓಡಿಸಿದವನು.
"ಗೇರಿಗೆ ಏನೂ ಆಗಿಲ್ರೀ ಮೇಸ್ತ್ರಿ,
ಪೆಟ್ರೋಲಿನಾಗ ಕಸ ಇರಬೇಕು."
ಹೇಳುವಾಗ ನನ್ನ ಮುಖ ನೋಡಲಿಲ್ಲ,
ಚಕ್ರದ ಹೊಳಪನ್ನು ತೋಳಿನಿಂದ ಒರೆಸುತ್ತಿದ್ದ.

ಇದಕ್ಕೆ ಕ್ಲಚ್ಚಿನ ಪೆಡಲಿಲ್ಲ.
ಕೈಗೂ ಕಾಲಿಗೂ ಸಿಗದ್ದನ್ನೆಲ್ಲ
ಎಣ್ಣೆಯೇ ಒಳಗೆ ಕೂತು ಒತ್ತುತ್ತದೆ, ಬಿಡುತ್ತದೆ.
ಅಂದಮೇಲೆ ಎಣ್ಣೆಯನ್ನೇ ಕೇಳಬೇಕು.
ಎಂಜಿನ್ ಬಿಸಿಯಾಗುವ ತನಕ ಚಹಾ ಕುಡಿದು
ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒತ್ತಿದೆ.
ದಾಳಿಂಬೆ ರಸದ ಹಾಗಿರಬೇಕಾದದ್ದು
ಹಳೇ ಕಾಚಿನ ಬಣ್ಣ; ಮೂಗಿಗೆ
ತಳ ಹತ್ತಿದ ಬೇಳೆಯ ವಾಸನೆ,
ಅದರ ಹಿಂದೆ ಇನ್ನೊಂದು, ಸಿಹಿ,
ಈ ಮನೆಯದಲ್ಲದ್ದು.

ಕೆಳಗಿನ ತಟ್ಟೆ ಬಿಚ್ಚಿದೆವು, ಖಾಸಿಂ ದೀಪ ಹಿಡಿದ.
ಅಯಸ್ಕಾಂತ ಆಡಿಸಿದರೆ ಬೂದು ಮೀಸೆ ಬೆಳೆಯಿತು.
"ನಮ್ಮೂರ ಮಣ್ಣು ಒಳಗ ಹೊಕ್ಕೈತೆ."
ಇಲ್ಲ ಯರ್ರಿಸ್ವಾಮಿ. ನಮ್ಮೂರ ಕೆಂಪು ಧೂಳು
ಅಯಸ್ಕಾಂತಕ್ಕೆ ಅಷ್ಟು ಸುಲಭಕ್ಕೆ ಬಗ್ಗುವುದಲ್ಲ.
ಬಾನೆಟ್ಟಿನಿಂದ ಚಿಟಿಕೆ ಎತ್ತಿ ತೋರಿಸಿದೆ.
ಅಂಟಿದ್ದು ಗೇರಿನದೇ ಮೈ,
ತಾನೇ ತಿಂದುಕೊಂಡದ್ದು.

ಡ್ರಮ್ಮು ಬಿಚ್ಚುವಾಗ ಹೊತ್ತು ಮುಳುಗಿತ್ತು.
ಪ್ಲೇಟುಗಳು ಹಂಚಿನ ಮೇಲೆ ಮರೆತ ರೊಟ್ಟಿ,
ಬ್ಯಾಂಡಿನ ಪಟ್ಟಿ ಪೂರಾ ಬೋಳು,
ರಬ್ಬರ್ ಸೀಲು ಬೆರಳಿಗಂಟಿ ಎಳೆ ಎಳೆಯಾಗಿ ಬಂತು
ಬೆಲ್ಲದ ಪಾಕದ ಹಾಗೆ.
ವಯಸ್ಸಾದ ರಬ್ಬರು ಗಟ್ಟಿಯಾಗಿ ಬಿರಿಯುತ್ತದೆ,
ಹೀಗೆ ಉಬ್ಬಿ ಕರಗುವುದಿಲ್ಲ.
ನಾನೇನೂ ಕೇಳಲಿಲ್ಲ.
ಅದನ್ನು ಅವನ ಅಂಗೈಗೆ ಹಾಕಿದೆ.

"ಹನಿ ಬೀಳ್ತಿತ್ರೀ," ಅಂದ ಬಹಳ ಹೊತ್ತಿನ ಮೇಲೆ.
"ಧಣಿ ನೋಡಿದ್ರ ಗಾಡಿ ಮಾರಿಬಿಡ್ತಿದ್ದ.
ಬ್ರೇಕ್ ಎಣ್ಣೆ ಹಾಕು, ನಿಲ್ತೈತೆ ಅಂದ್ರು ಯಾರೋ.
ಮೂರು ತಿಂಗಳು ನಿಂತಿತ್ತು ಮೇಸ್ತ್ರಿ,
ಒಂದು ಹನಿ ಬಿದ್ದಿದ್ರ ಕೇಳ್ರಿ."

ಮುಂಬೈಯಿಂದ ಸಾಮಾನು ಬರಲು ಹತ್ತೊಂಬತ್ತು ದಿನ.
ಹೊಸ ಪ್ಲೇಟುಗಳನ್ನು ರಾತ್ರಿಯಿಡೀ
ಕಡಲೆಯ ಹಾಗೆ ಎಣ್ಣೆಯಲ್ಲಿ ನೆನೆಹಾಕಿದೆ.
ಒಂದು ಉಕ್ಕು, ಒಂದು ನೆಂದದ್ದು, ಮತ್ತೆ ಉಕ್ಕು.
ಸೀಲಿನ ತುಟಿ ಮಡಚದಂತೆ
ತೆಳು ತಂತಿಯಿಂದ ಸವರಿ ಒಳಗೆ ಕೂರಿಸುವಾಗ
ಯರ್ರಿಸ್ವಾಮಿ ಉಸಿರು ಬಿಡಲಿಲ್ಲ, ಖಾಸಿಮನೂ.

ಬೆಳಗಿನ ಜಾವ, ಅದಿರು ಲಾರಿಗಳು ಏಳುವ ಮೊದಲು
ಸಂಡೂರಿನ ಏರು ಹತ್ತಿಸಿದೆವು.
ಹಾದಿ ಸಮವಾದಲ್ಲಿ ಎಂಜಿನ್ನಿನ ದನಿ
ಅರ್ಧ ಮೆಟ್ಟಿಲು ಇಳಿಯಿತು, ಅಷ್ಟೇ.
ಡ್ಯಾಶಿನ ಮೇಲಿಟ್ಟ ಬೀಡಿ ಕಟ್ಟು ಅಲುಗಲಿಲ್ಲ.

ಬಿಲ್ಲಿನಲ್ಲಿ ಕಾರಣ ಎಂಬಲ್ಲಿ
ವಯಸ್ಸು ಎಂದು ಬರೆದೆ.
ಯಾರದೆಂದು ಧಣಿ ಕೇಳುವವನಲ್ಲ.
ಯರ್ರಿಸ್ವಾಮಿ ಹೋಗುವ ಮುನ್ನ
ಕಡ್ಡಿ ಎಳೆದು, ಹೆಗಲ ಟವೆಲ್ಲಿಗೆ ಒತ್ತಿ
ಮೂಸಿ ನೋಡಿದ.