ಮ್ಯಾಲಿಂದ ಕೆಳಗ

"ಕೆಡವೂದಲ್ಲ ಆಯಿ, ಬಿಚ್ಚೂದು" ಅಂದ ಗೌಂಡಿ ಪುಂಡಲೀಕ.
"ಕೌದಿ ಬಿಚ್ಚಿದಂಗ. ಕಡೀಕ ಹಾಕಿದ ಹೊಲಿಗಿ ಮೊದಲು."
ಹಗ್ಗ ಕಟ್ಟಿ ಜಗ್ಗಿದರ ಒಂದೇ ತಾಸಿನ ಕೆಲಸ, ಖರೆ,
ಯಾರ ಮ್ಯಾಲ ಬೀಳಬೇಕಂತ
ಅದು ನಮ್ಮನ್ನ ಕೇಳಂಗಿಲ್ಲ.

ಬೀದರದ ಹಳೇ ಊರಾಗ, ನಮ್ಮ ಓಣ್ಯಾಗ
ಚಿಮಣಿ ಇದ್ದ ಮನಿ ಇದೊಂದೇ.
ಮಾವನವರು ಯಾರೋ ಸಾಹೇಬರ ಬಂಗ್ಲೆದಾಗ ಅಡಗಿ ಮಾಡ್ತಿದ್ರಂತ.
ಅಲ್ಲಿ ನೋಡಿ ಬಂದು, ಕೆಂಪುಗಲ್ಲು, ಸುಣ್ಣದ ಗಚ್ಚು,
ಎರಡಾಳೆತ್ತರ ಎಬ್ಬಿಸಿದ್ರು.
ಓಣಿ ನಕ್ಕಿತು: ಹೊಗಿಗೂ ಒಂದು ಮಾಳಗಿ!
ಅತ್ತಿ ಮಾತ್ರ ಮೂವತ್ತು ವರ್ಷ
ಸೆರಗಿನಿಂದ ಕಣ್ಣೊರಸದೆ ರೊಟ್ಟಿ ಬಡದ್ರು.

ಚಿಮಣಿ ಬಿಚ್ಚಲತ್ತೀವಿ ಅಂದರ ಮೊಮ್ಮಗಳು ಕೇಳ್ತಾಳ,
ಯಾವ ಚಿಮಣಿ?
ಎಣ್ಣಿ ಹಾಕಿ ಹಚ್ಚೂದಾ, ಮರಾಠಿ ಬಾಯಾಗ ಹಾರೂದಾ,
ಇಲ್ಲಾ ಸುಮ್ಮನ ನಿಂತದ್ದಾ?

ನಿಂತದ್ದು, ಅಂದೆ. ಸುಮ್ಮನ ಅಲ್ಲ.
ಹೋದ ಮಳಿಗಾಲಕ್ಕ ಓಣಿ ಕಡಿ ವಾಲ್ಯದ.
ಪುಂಡಲೀಕ ಓಳಂಬ ಬಿಟ್ಟು ತೋರಿಸಿದ, ನಾಕು ಬಟ್ಟು.
ಕೆಳಗ ಶಾಲಿ ಹುಡುಗರು, ಕುಲ್ಫಿ ಗಾಡಿ.

ಮೊದಲ ದಿನ ಅಂವ ಒಂದು ಕಲ್ಲೂ ಮುಟ್ಟಲಿಲ್ಲ.
ನನ್ನ ತಣ್ಣನ ಒಲ್ಯಾಗ ಹಸಿ ಹುಲ್ಲು ಸುಟ್ಟ,
ಹೊಗಿ ಎಲ್ಲಿ ಹೋಗ್ತದ ನೋಡ್ಲಾಕ.
ಮ್ಯಾಲ ಬರಲೇ ಇಲ್ಲ.
ಗ್ವಾಡಿ ಆಚಿ ಹಲೀಮಾಬಿ ಕೆಮ್ಮಿದ್ಲು.

ಅರ್ಧ ಮನಿ ಅವರಿಗೆ ಮಾರಿದಾಗ
ನಡುವ ಗ್ವಾಡಿ ಎದ್ದಿತ್ತು, ಮಾಳಗಿ ಮುಟ್ಟೂತನ.
ಹೊಗಿ ದಾರಿ ಯಾರ ಪಾಲಿಗೆ ಅಂತ
ಕಾಗದದಾಗ ಬರೀಲಿಲ್ಲ.
ಈ ಕಡಿ ಒಂದು ಬಾಯಿ, ಆ ಕಡಿ ಒಂದು,
ಗಂಟಲು ಒಂದೇ.

ಆಗ ತಿಳೀತು.
ರಾತ್ರಿ ಒಲೀ ಮುಂದ ಕುಂತು
ಜೋರಾಗೇ ಲೆಕ್ಕ ಹೇಳ್ಕೋತಿದ್ದೆ:
ಗುಳಗಿಗೆ ಇಷ್ಟು, ಕರೆಂಟಿಗೆ ಇಷ್ಟು, ಸಕ್ಕರಿ ಮುಗದದ.
ಮುಂಜಾನಿ ಹಲೀಮಾಬಿ ಬಟ್ಟಲ ಹಿಡಕೊಂಡು ಬಾಗಲಾಗ:
"ನಮ್ಮಲ್ಲಿ ಜಾಸ್ತಿ ಆಗ್ಯದ, ಅಕ್ಕ."
ಎಷ್ಟು ವರ್ಷ ಜಾಸ್ತಿ ಆಗ್ತಿತ್ತು ಆಕಿಗೆ!

ಎರಡನೇ ದಿನ ಬೊಂಬು ಕಟ್ಟಿದ್ರು,
ಚಿಮಣಿಗೆ ಆನಿಸದೆ, ತನ್ನ ಕಾಲ ಮ್ಯಾಲ ನಿಂದರೂ ಹಂಗ.
ಓಣಿಗೆ ಅಡ್ಡ ನಮ್ಮದೊಂದು ಮಂಚ, ಅವರದೊಂದು.
ಒಲೀ ಬಾಯಿಗೆ ಹಸಿ ಗೋಣಿಚೀಲ.
ಹಲೀಮಾಬಿ ನೀರು ಕಾಸೂದು ಅಂಗಳಕ್ಕ ತಂದ್ಲು.

ತುದೀಗೆ ಒಂದು ಗೂಡಿತ್ತು, ಖಾಲಿ.
ಆದರೂ ಕೈ ಹಾಕೂಕಿಂತ ಮೊದಲು
ಪುಂಡಲೀಕ ಒಳಗ ಬಗ್ಗಿ ಕೂಗಿದ: ಯಾರಿದ್ದೀರಿ?

ಒಂದೊಂದೇ ಕಲ್ಲು.
ಉಳಿಯಿಂದ ಗಚ್ಚು ಸಡಿಲ ಮಾಡೂದು, ಬುಟ್ಯಾಗಿಡೂದು, ಇಳಿಸೂದು.
ಕೊಳವಿಯೊಳಗ ಒಂದು ಚೂರೂ ಒಗೀಬ್ಯಾಡ ಅಂತ
ಆಳು ಸೂರ್ಯಕಾಂತಗ ನೂರು ಸಲ ಬೈದ.
ಹುಡುಗನ ಮಾರಿ ತುಂಬ ಇಲ್ಲಣ,
ಹಲ್ಲು ಮಾತ್ರ ಬೆಳ್ಳಗ.
ಅತ್ತಿ ಒಲೀ ಹೊಗಿ ಅದು. ಅತ್ತಿ ಹೋಗಿ ಇಪ್ಪತ್ತು ವರ್ಷ.
ನಾ ಅಂವಗ ಸಾಬೂನು ಕೊಡ್ಲಾಕ ಸ್ವಲ್ಪ ತಡ ಮಾಡಿದೆ.

ಮಾಳಗಿ ಮಟ್ಟಕ್ಕ ಬಂದು ಪುಂಡಲೀಕ ಕೈ ನಿಲ್ಲಿಸಿದ.
ನಡುಮನಿ ದೂಲ ಇದರ ಹೆಗಲ ಮ್ಯಾಲ ಕುಂತಿತ್ತು,
ಯಾರಿಗೂ ಹೇಳದೆ, ಅಷ್ಟು ವರ್ಷ.
"ತಲಿ ತಗದೀನಿ, ಎದಿ ತಗ್ಯಾಂಗಿಲ್ಲ" ಅಂದ.
ಮ್ಯಾಲ ತೂತಿಗೆ ಫರ್ಸಿ ಹಾಸಿ ಗಚ್ಚು ಮೆತ್ತಿದ.
ಎರಡೂ ಒಲೀ ಬಾಯಿ ಮುಚ್ಚಿದ,
ಮುಷ್ಟಿಯಷ್ಟು ಕಿಂಡಿ ಬಿಟ್ಟು.
ಗಾಳಿ ಆಡದಿದ್ರ ಗ್ವಾಡಿ ತೇವ ಹಿಡೀತದಂತ.

ರಾತ್ರಿ ನಾ ಕುಂತೆ, ಎಂದಿನಂಗ.
ಗೌಂಡಿಗೆ ಇಷ್ಟು. ಹುಡುಗಗ ಇಷ್ಟು. ಬೊಂಬಿನ ಬಾಡಗಿ.
ಇಳಿಸಿದ ಕಲ್ಲು ಇನ್ನೂರಾ ಹದಿನಾಕು.

ಕಿಂಡಿಯೊಳಗಿಂದ ಬಂತು:
"ಹದಿನಾರು, ಅಕ್ಕ. ನಾನೂ ಎಣಿಸೀನಿ."