ಪಟ್ಟಿ ಕತ್ತರಿಸುವ ಮೊದಲು

ಕುಲಶೇಖರದ ಇಳಿಜಾರಿನಲ್ಲಿ ಸೆವ್ರಿನ್ ಬಾಯಿಯ ಮನೆ,
ಪಡುವಣ ಮುಖ. ಮೂರು ಗಂಟೆ ಕಳೆದರೆ
ಬಿಸಿಲು ಚಪ್ಪಲಿ ಬಿಡದೆ ಜಗಲಿಗೆ ಬರುತ್ತದೆ,
ಹೊಲಿಗೆ ಮೆಷಿನಿನ ಮೇಲೆ ಕೂತು
ಯಾರದೋ ಮದುವೆಯ ರವಿಕೆಗಳ ಬಣ್ಣ ಕುಡಿಯುತ್ತದೆ.

ಫೋನಿನಲ್ಲಿ ಹೇಳಿದ್ದರು:
'ಬೇಕಾದಾಗ ಬಿಡಿಸುವ, ಬೇಡದಾಗ ಸುತ್ತಿಡುವ ಒಂದು ನೆರಳು.
ಅಗಲ ಹನ್ನೊಂದೂವರೆ, ಉದ್ದ ಎಂಟು.
ಒಳಗೆ ಮಡಚುವ ಬಟ್ಟೆ ಬೇರೆ.'

ಮೊದಲು ಗೋಡೆಯನ್ನು ಮಾತಾಡಿಸಬೇಕು, ದೇಜು.
ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡು.
ಬೊದ್ ಅಂದರೆ ಮುರಕಲ್ಲು,
ಬೆಲ್ಲದ ಅಚ್ಚಿಗೆ ಮೊಳೆ ಹೊಡೆದ ಹಾಗೆ:
ಡ್ರಿಲ್ಲು ಖುಷಿಯಲ್ಲಿ ಒಳಗೆ ಹೋಗುತ್ತದೆ,
ಬೋಲ್ಟು ಅಷ್ಟೇ ಖುಷಿಯಲ್ಲಿ ಹೊರಗೆ ಬರುತ್ತದೆ,
ನಲವತ್ತು ಕಿಲೋ ನೆರಳಿನ ಸಮೇತ.
ಠಣ್ ಅಂದರೆ ಬೀಮು. ಅಲ್ಲಿ ಗುರುತು ಹಾಕು.

ಠಣ್ ಅಂದದ್ದು ಶಿಲುಬೆ ಇದ್ದ ಜಾಗದಲ್ಲೇ.
'ಅದರ ಕೆಳಗೆ ಬರಲಿ' ಎಂದರು ಬಾಯಿ.
ಕೆಳಗೆ ಬೊದ್.
ನಾನು ಏಣಿ ಇಳಿದು ಚಹಾ ಕುಡಿದೆ,
ಗೋಡೆಯ ಹತ್ತಿರ ವಾದ ಮಾಡಿ ಗೆದ್ದವರಿಲ್ಲ.
ಕೊನೆಗೆ ಅವರೇ ಸ್ಟೂಲು ಹತ್ತಿ
ಶಿಲುಬೆ ಇಳಿಸಿ, ಸೆರಗಿನಲ್ಲಿ ಒರೆಸಿ, ಮುತ್ತಿಟ್ಟು,
ಗೇಣು ಮೇಲಕ್ಕೆ ಹೊಸ ಮೊಳೆ ಹೊಡೆಸಿದರು.
ಆ ಮೊಳೆಯನ್ನು ನಾನು ಬಿಲ್ಲಿಗೆ ಸೇರಿಸಲಿಲ್ಲ.

ತೂತು ಕೊರೆದೆವು. ಧೂಳು ಊದಿದೆವು.
ಅಂಗಳದಲ್ಲಿ ಉದ್ದಕ್ಕೆ ಮಲಗಿದ್ದ ಸರಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು
ಬಾಯಿ ಝಾಲರಿನ ಅಂಚನ್ನು ಉಗುರಿನಿಂದ ಮೀಟಿದರು.
'ಹತ್ತಿ ನೂಲು. ಒಂದು ಜೂನ್ ದಾಟುವುದಿಲ್ಲ ಇದು.'
ಹದಿನಾಲ್ಕು ವರ್ಷ ಬೋಲ್ಟು ನೋಡಿದವನು
ನೂಲು ನೋಡಿರಲಿಲ್ಲ.
'ಬಿಚ್ಚಿ ಕೊಡಿ, ಮೆಷಿನಿಗೆ ಹಾಕುತ್ತೇನೆ.
ಮತ್ತೆ ಇದೆಂತದು, ಸೊಂಟಕ್ಕೆ ಕಟ್ಟಿದ್ದು?'
ಕತ್ತರಿ ಆಗಲೇ ಬಾಯ್ತೆರೆದಿತ್ತು.

ಕೆಳಗಿಡಿ!

ನನ್ನ ಸ್ವರಕ್ಕೆ ನಾನೇ ಬೆಚ್ಚಿದೆ.
ಪಕ್ಕದ ಮನೆಯ ನಾಯಿ ಬೊಗಳುವುದು ನಿಲ್ಲಿಸಿತು.
ಆ ಪಟ್ಟಿಯ ಕೆಳಗೆ ಎರಡು ತೋಳು, ಮೊಣಕೈ ಮಡಚಿ,
ತೋಳಿನೊಳಗೆ ಎಳೆದು ಕಟ್ಟಿದ ಸ್ಪ್ರಿಂಗು,
ಫ್ಯಾಕ್ಟರಿಯಿಂದ ಇಲ್ಲಿಯ ತನಕ
ಉಸಿರು ಹಿಡಿದೇ ಬಂದದ್ದು.
ಗೋಡೆ ಹಿಡಿದುಕೊಳ್ಳುವ ಮೊದಲು ಬಿಟ್ಟರೆ
ಅದು ಯಾರನ್ನು ತಬ್ಬುತ್ತದೋ ಹೇಳಲಿಕ್ಕಾಗುವುದಿಲ್ಲ.

ಮೇಲಿನ ಎರಡು ಹಲ್ಲು ಕಳಚಿ
ಅಂಗೈಯಲ್ಲಿಟ್ಟು ತೋರಿಸಿದೆ.
ಹಂಪನಕಟ್ಟೆ, ಒಂದು ಐಸ್‌ಕ್ರೀಂ ಅಂಗಡಿ,
ಆಗ ನನಗೆ ಹತ್ತೊಂಬತ್ತು,
ಊಟದ ಹೊತ್ತು ಮೀರಿತ್ತು.
ಬಾಯಿ ಬಗ್ಗಿ ನೋಡಿದರು, ತಪ್ಪಿ ಕತ್ತರಿಸಿದ ತೋಳನ್ನು ನೋಡುವ ಹಾಗೆ.
'ಜೋಡಿಸಿದವನ ಕೈ ಒಳ್ಳೆಯದುಂಟು' ಎಂದರು ಅಷ್ಟೆ.
ಕತ್ತರಿಯನ್ನು ಡಬ್ಬಿಯೊಳಗಿಟ್ಟು ಮುಚ್ಚಿದರು.

ಸರಳಿನ ಸಂದಿಯಿಂದ ಝಾಲರು ಜಾರಿಸಿ ಕೊಟ್ಟೆ.
ಒಳಗೆ ಮೆಷಿನು ಓಡತೊಡಗಿತು,
ಹೊರಗೆ ಎರಡು ಏಣಿ, ಎರಡು ಹೆಗಲು,
ನೀನು ಒಂದು ಮೆಟ್ಟಿಲು ಹತ್ತಿದರೆ ನಾನೂ ಒಂದು.
ಕಂಬದ ವಯರು ಇರುವ ಕಡೆಗೆ ಏಣಿ ವಾಲಿಸಬೇಡ ಮಾರಾಯ,
ಎಷ್ಟು ಸಲ ಹೇಳುವುದು.
ಕೊಂಡಿ ಕೂತಿತು. ಆರು ಬೋಲ್ಟು ಬಿಗಿದೆವು.
ಅಡಿಗೆ ಮೂರು ಇಂಚು ಇಳಿಜಾರು ಕೊಟ್ಟೆವು, ಇಲ್ಲದಿದ್ದರೆ
ಮೊದಲ ಮಳೆ ಬಟ್ಟೆಯ ಹೊಟ್ಟೆಯಲ್ಲೇ ಮನೆ ಮಾಡುತ್ತದೆ.

'ಈಗ ಕತ್ತರಿ ತನ್ನಿ ಬಾಯಿ.
ಬದಿಗೆ ನಿಲ್ಲಿ, ಎದುರಿಗಲ್ಲ.'
ಕಚ್.
ಏನೂ ಆಗಲಿಲ್ಲ.
ಏನೂ ಆಗದ ಹಾಗೆ ಮಾಡುವುದೇ ನಮ್ಮ ಕೆಲಸ, ದೇಜು,
ಇದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಹಿಡಿ ತಿರುಗಿಸಿದರು. ತೋಳುಗಳು ನಿಧಾನ ನೀಡಿಕೊಂಡವು,
ನಿದ್ದೆಯಿಂದೆದ್ದವರ ಹಾಗೆ.
ನೆರಳು ಮೊದಲು ಹೊಸ್ತಿಲಿಗೆ, ಆಮೇಲೆ ಮೆಷಿನಿಗೆ,
ಕೊನೆಗೆ ರವಿಕೆಗಳ ಮೇಲೆ.
'ಎಷ್ಟು ಗಾಳಿಗೆ ಸುತ್ತಿಡಬೇಕು?'
ನಾನು ಹ್ಯಾಂಗರು ತೋರಿಸಿದೆ.
ನೇತುಹಾಕಿದ ರವಿಕೆ ಬೆನ್ನು ತಿರುಗಿಸಿದರೆ
ನೀವು ಹಿಡಿ ತಿರುಗಿಸಿ.

ದುಡ್ಡು ಎಣಿಸಿ ಕೊಟ್ಟರು.
ಬಿಲ್ಲಿನ ಕೆಳಗೆ ಸೀಮೆಸುಣ್ಣದಲ್ಲಿ ಬರೆದಿದ್ದರು:
ನೂಲು, ನಲವತ್ತೈದು, ಕಳೆದಿದೆ.