ದಾರದ ಲೆಕ್ಕ

ಗೋಲ್ಡನ್ ರಿಟ್ರೀವರ್ ಅಂತ ತನು ಬಿಡಿಸಿ ಬಿಡಿಸಿ ಹೇಳಿದರೂ
ನಮ್ಮತ್ತೆ ಹಾಲಮ್ಮನ ನಾಲಿಗೆ ಹೊರಳಲಿಲ್ಲ.
"ರಿಟೈರು" ಅಂದರು.
"ಹುಟ್ಟುತ್ತಲೇ ರಿಟೈರಾದ ನಾಯಿಗೆ
ಹದಿನೆಂಟು ಸಾವಿರ ಸುರಿದನೇನೇ ನನ್ನ ಮಗ?"

ಲಿಂಗ ಕಟ್ಟಿದ ಮನೆ,
ನಡುಮನೆ ಹೊಸ್ತಿಲು ದಾಟಕೂಡದು ಅಂತ ಕಟ್ಟಪ್ಪಣೆ.
ಮೂರನೇ ದಿನವೇ ದಾಟಿತು,
ಪೂಜೆಗೆ ಕೂತವರ ಸೆರಗಿನ ತುದಿಗೆ ತಲೆಯಿಟ್ಟು ಮಲಗಿತು.
ಅತ್ತೆ ವಿಭೂತಿ ಗಟ್ಟಿ ಹಿಡಿದೇ ಕೂತಿದ್ದರು
ಅತ್ತ ಬೈಯಲೂ ಆಗದೆ, ಇತ್ತ ಏಳಲೂ ಆಗದೆ
ಒಂಬತ್ತೂವರೆ ತನಕ.

ಬಿಸಿಲಿಗೆ ಹರವಿದ ಮೆಕ್ಕೆಜೋಳದ ಬಣ್ಣ. ಹೆಸರು ಜೂಲಿ.
ಏಪ್ರಿಲ್ಲಿನ ವಿನೋಬನಗರದಲ್ಲಿ
ತಾರಸಿಯೇ ರೊಟ್ಟಿ ಹಂಚಾದಾಗ
ಅಷ್ಟು ಕೂದಲು ಹೊತ್ತ ಜೀವ ಬಚ್ಚಲ ಕಲ್ಲಿಗೆ ಹೊಟ್ಟೆ ಒತ್ತಿ ಏದುಸಿರು ಬಿಡುತ್ತಿತ್ತು.
ಗುಜರಿಯಿಂದ ಸುಟ್ಟ ಕೂಲರ್ ತಂದ ಬಕ್ಕೇಶ
ರಾತ್ರಿಯೆಲ್ಲ ಕೂತು ಮೋಟರಿಗೆ ಹೊಸ ತಾಮ್ರ ಸುತ್ತಿದ.
ನನ್ನ ತಲೆಮೇಲಿನ ಫ್ಯಾನು
ಮದುವೆಯಾದಾಗಿನಿಂದ ಕಿರುಗುಟ್ಟುತ್ತಿದೆ.
ಹೇಳಿದೆ. ನಕ್ಕ. ಅಷ್ಟೇ.

ಬಸಿರಿಗೆ ಮೊಟ್ಟೆ ಕೊಡಿ ಅಂದರು ಡಾಕ್ಟರು.
ಪಕ್ಕದ ಮುಮ್ತಾಜ್ ಬೀ ಬೇಯಿಸಿ, ಪೇಪರಲ್ಲಿ ಸುತ್ತಿ
ಕಾಂಪೌಂಡ್ ಮೇಲಿಂದ ದಾಟಿಸುತ್ತಿದ್ದಳು.
ಅವಳು ಹರಿಹರಕ್ಕೆ ತಂಗಿ ಮನೆಗೆ ಹೋದ ವಾರ
ಹಿತ್ತಲಲ್ಲಿ ಹೊಗೆ ಕಂಡು ಹೋದೆ:
ಮೂರು ಇಟ್ಟಿಗೆ, ಒಂದು ತುಕ್ಕು ಡಬ್ಬ,
ಕುದಿವ ನೀರಲ್ಲಿ ಎರಡು ಮೊಟ್ಟೆ,
ಮುಖ ಅತ್ತ ತಿರುಗಿಸಿ ಗಾಳಿ ಹಾಕುತ್ತಿರುವ ಅತ್ತೆ.
ನಾನು ನೋಡಲಿಲ್ಲ.
ಅವರು ನನ್ನನ್ನು ನೋಡಲಿಲ್ಲ.

ಏಳು ಮರಿ ಸಲೀಸು ಬಂದವು.
ಎಂಟನೆಯದು ಒದ್ದೆ ಬಟ್ಟೆಯಂತೆ ಬಿತ್ತು, ಉಸಿರಿಲ್ಲ.
ತನು ಟವೆಲಿನಲ್ಲಿ ಉಜ್ಜುತ್ತ ಅಳುತ್ತಿದ್ದಳು.
"ಸುಟ್ಟಿಲ್ಲ ಇದು, ಕನೆಕ್ಷನ್ ಬಿಟ್ಟಿದೆ"
ಅನ್ನುತ್ತ ಬಕ್ಕೇಶ ಆ ಪುಟ್ಟ ಮೂಗಿಗೆ ಬಾಯಿಟ್ಟು ಊದಿದ,
ಊದಿದ,
ಕೀಂ ಅಂತು.

ಎಂಟೂ ಒಂದೇ ಅಚ್ಚು.
ಕೌದಿ ಹೊಲಿಯುವ ಡಬ್ಬಿಯಿಂದ ಅತ್ತೆ ಎಂಟು ಬಣ್ಣದ ದಾರ ಹರಿದು
ಒಂದೊಂದರ ಕೊರಳಿಗೆ ಕಟ್ಟಿದರು.
ಕೊಳ್ಳುವವರು ಬಂದಾಗ ದಾರ ಬಿಚ್ಚಿ ಮೊಳೆಗೆ ನೇತುಹಾಕಿದರು.
ಹಿರಿಯೂರಿನ ಗುತ್ತಿಗೆದಾರನಿಗೆ ಹಳದಿ,
ರಾಣೆಬೆನ್ನೂರಿನ ಹಲ್ಲಿನ ಡಾಕ್ಟರಿಗೆ ಊದಾ.
ಹೆಣ್ಣು ಕೊಡುವವಳಂತೆ ಕೇಳುತ್ತಿದ್ದೆ:
ಹಗಲು ಮನೆಯಲ್ಲಿ ಯಾರಿರ್ತಾರೆ? ಕಟ್ಟಿಹಾಕ್ತೀರಾ?
ಕೇಳಿ, ನೋಟು ಎರಡು ಸಲ ಎಣಿಸುತ್ತಿದ್ದೆ.
ತನುವಿನ ಫೀಜು, ಸೋರುವ ಚಾವಣಿಗೆ ಸಿಮೆಂಟು.
ಸುಳ್ಳು ಯಾಕೆ,
ಆ ದುಡ್ಡು ಕೈಗೆ ಬೆಚ್ಚಗಿರುತ್ತಿತ್ತು.

ಜೂಲಿಯೂ ಎಣಿಸುತ್ತಿತ್ತು.
ಐದು ಹೋದ ಸಂಜೆ ಬಾಯಲ್ಲಿ ಮೆಲ್ಲಗೆ ಹಿಡಿದು ತಂದು
ಮರಿಗಳ ಪೆಟ್ಟಿಗೆಯಲ್ಲಿ ಒಂದೊಂದೇ ಇಟ್ಟಿತು:
ತನುವಿನ ಕಾಲುಚೀಲ,
ಅಂಗಡಿಯ ಖಾಲಿ ತಂತಿಯುರುಳೆ,
ಒಂದು ಚಪ್ಪಲಿ, ಜೋಳದ ದಿಂಡು, ಒಂದು ಈರುಳ್ಳಿ.
ಮೂರು ಮರಿ, ಐದು ಇವು.
ಲೆಕ್ಕ ಸರಿಯಾಯಿತೆಂದು ಸುತ್ತಿಕೊಂಡು ಮಲಗಿತು.
ಅವತ್ತು ಯಾರೂ ಪೆಟ್ಟಿಗೆ ಗುಡಿಸಲಿಲ್ಲ.

ಹೀಗೆ ಮೂರು ಸೂಲು.
ನಾಲ್ಕನೆಯದಕ್ಕೆ ಬಕ್ಕೇಶ ಆಗಲೇ ಅಡ್ವಾನ್ಸು ಹಿಡಿದಿದ್ದ.
ಇನ್ನೊಂದು ಸಲ ಆಗಬಹುದು ಅಂದಿದ್ದರಂತೆ ಡಾಕ್ಟರು.
ಏಳು ಹೆತ್ತು ಮೂವರನ್ನು ಉಳಿಸಿಕೊಂಡ ಅತ್ತೆ
ಅಕ್ಕಿ ಆರಿಸುತ್ತ, ತಲೆಯೆತ್ತದೆ ಅಂದರು:
"ಆಗಬಹುದು ಅಂತ ನನಗೂ ಅಂದಿದ್ದರು.
ನನ್ನನ್ನ ಮಾತ್ರ ಯಾರೂ ಕೇಳಲಿಲ್ಲ."
ಮರದಲ್ಲಿ ಅಕ್ಕಿ ಸರಿದ ಸದ್ದು.
"ಅವಳು ರಿಟೈರು. ಮೊದಲ ದಿನವೇ ಹೇಳಿದ್ದೆ."

ಬಕ್ಕೇಶ ಅಡ್ವಾನ್ಸು ವಾಪಸು ಕೊಟ್ಟ,
ಮೂರು ದಿನ ಮಾತಾಡಲಿಲ್ಲ,
ನಾಲ್ಕನೇ ದಿನ ನನ್ನ ಫ್ಯಾನು ಬಿಚ್ಚಿದ.

ಮೊಳೆಯಲ್ಲಿ ಇಪ್ಪತ್ತೊಂದು ದಾರ, ಧೂಳು ಹಿಡಿದಿವೆ.
ಈಗಲೂ ಕೆಲವು ಮಧ್ಯಾಹ್ನ ಕೂಲರ್ ಮುಂದಿನಿಂದೆದ್ದು
ಜೂಲಿ ಅಡುಗೆಮನೆಗೆ ಹೋಗಿ
ಒಂದು ಈರುಳ್ಳಿ ತಂದು, ಹಲ್ಲು ತಾಗಿಸದೆ,
ಅತ್ತೆಯ ಮಡಿಲಿಗಿಡುತ್ತದೆ.
ಅವರು ಅದನ್ನು ಸೆರಗಲ್ಲಿ ಒರೆಸಿ
ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದು
ಆಮೇಲೆ ಸಾರಿಗೆ ಹೆಚ್ಚುತ್ತಾರೆ.